ಉಪ್ಪಿನಕಾಯಿ ಭರಣಿಗಿರೋ ಮಡಿ ಸೊಸಿ ಹೊಟ್ಟಿಗಿಲ್ಲೇನು?

ಯಾರಿಗೆ ಬ್ಯಾಸರ ಆದ್ರೂ ಆಗಲಿ, ಈ ಸಲ ನೇರವಾಗೇ ಬರೀತೀನಿ. ನಮ್ಮ ಸೊಸಿ ನಿಮ್ಮ ಮನಿ ತಟ್ಟಿಯಾಗಿನ ಗೋಡಂಬಿ ಮುಟ್ಟಲಿಲ್ಲ, ಖರ್ಜೂರ ಬ್ಯಾಡ ಅಂದ್ಲು, ಕುಬಸದ ದಿನ ಕೊಟ್ಟ ಅಂಟಿನುಂಡಿ ಕಣ್ಣಿಗೊತ್ತಿಕೊಂಡು ಬದಿಗಿಟ್ಲು ಅಂತ ಕಮಲಾಪುರದಿಂದ ಕಂಪ್ಲಿ ತನಕ ಮಾತಾಗೈತಿ. "ಗೋಧಿ ಒಲ್ಲೆ ಅಂದ್ರ ತಿಳೀತೈತವ್ವ, ಗೋಡಂಬಿಯಾಗ ಗೋಧಿ ಎಲ್ಲಿಂದ ಬಂತು? ಬರೇ ನಖರಾ" ಅನ್ನೋ ಮಾತು ಮೂರು ಮನಿ ಸುತ್ತಿ ನನ್ನ ಕಿವಿಗೆ ಬಂತು. ಸುತ್ತಿ ಬಂದ ಮಾತಿಗೆ ಸುತ್ತಿ ಉತ್ತರ ಕಳಸೋದು ನನಗ ಬರಂಗಿಲ್ಲ. ಗೋಡಂಬಿ ಒಳಗ ಗೋಧಿ ಇಲ್ಲ, ಖರೆ. ಗೋಡಂಬಿ ಮ್ಯಾಲೆ ಇರ್ತೈತಿ. ಆ ಹಿಟ್ಟು ಗಿಡದಾಗ ಹತ್ತಿದ್ದಲ್ಲ, ನಮ್ಮ ಬಜಾರದಾಗ ಹತ್ತಿದ್ದು, ನಮ್ಮ ಅಡಿಗಿಮನ್ಯಾಗ ಹತ್ತಿದ್ದು. ಹತ್ತಿಸಿದವರು ನಾವು, ಹೆಸರು ಕೆಟ್ಟಿದ್ದು ಆಕಿದು.

ರೋಗದ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ ಅಂದ್ರ ಜವೆಗೋಧಿ, ಆಮ್ಯಾಲೆ ನಮ್ಮ ಕಡಿ ಯಾರೂ ಬೆಳೀಲಾರದ ರೈ ಅನ್ನೋ ಕಾಳು, ಇವುಗಳೊಳಗ ಗ್ಲುಟೆನ್ ಅನ್ನೋ ಪ್ರೋಟೀನ್ ಇರ್ತೈತಿ. ಸೀಲಿಯಾಕ್ ಇದ್ದವರ ಹೊಟ್ಟಿಗೆ ಅದು ಹೋದ್ರ, ಮೈಯನ್ನ ಕಾಯಬೇಕಾದ ಶಕ್ತಿನ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರ ಕೆಡಸ್ತೈತಿ. ಆ ಪದರದ ಮ್ಯಾಲೆ ಮಖಮಲ್ಲಿನ ಎಳಿ ಎದ್ದಂಗ ಸಣ್ಣ ಸಣ್ಣ ಬೆರಳು ಇರ್ತಾವ. ಉಂಡ ಅನ್ನದ ಸತ್ವ ಹೀರೋವು ಅವ. ಅವು ಸವದು ಸಪಾಟಾದ್ರ ಎಷ್ಟು ತುಪ್ಪ ಉಣಿಸಿದ್ರೂ, ಎಷ್ಟು ಕಬ್ಬಿಣದ ಗುಳಿಗಿ ನುಂಗಿಸಿದ್ರೂ ಮೈಗೆ ಹತ್ತಂಗಿಲ್ಲ. ಇದಕ್ಕ ಗುಳಿಗಿ, ಇಂಜೆಕ್ಷನ್ ಇಲ್ಲ. ಜೀವ ಇರೋ ತನಕ ಗ್ಲುಟೆನ್ ಪೂರಾ ಬಿಡೋದೊಂದ ಔಷಧ. ಮತ್ತ ತಿಂದ ಕೂಡ್ಲೆ ಮೈ ತುಂಬ ಗಂಧಿ ಏಳೋ ಅಲರ್ಜಿ ಅಲ್ಲ ಇದು. ಅದಕ್ಕ "ಹೋದ ಸಲ ತಿಂದ್ಲಲ್ಲ, ಏನಾತು?" ಅಂತ ಕೇಳೋರು ಕೇಳ್ತಾನ ಇರ್ತಾರ. ಏನಾತು ಅನ್ನೋದು ಕರುಳಿಗೆ ಗೊತ್ತು, ಆರು ತಿಂಗಳ ಮ್ಯಾಲೆ ರಕ್ತದ ವರದಿಗೆ ಗೊತ್ತು.

ನಮ್ಮ ಸೊಸಿ ಹಿಮೋಗ್ಲೋಬಿನ್ 7ಕ್ಕ ಇಳಿದಿತ್ತು. ಎರಡು ಸಲ ಗರ್ಭ ನಿಲ್ಲಲಿಲ್ಲ. ಆವಾಗ ಯಾರ್ಯಾರು ಏನೇನು ಅಂದ್ರಿ ಅಂತ ಇಲ್ಲಿ ಬರಿಯಂಗಿಲ್ಲ, ನಿಮಗೂ ನೆನಪೈತಿ, ನನಗೂ ನೆನಪೈತಿ. ಕಡೀಕ ರಕ್ತ ಪರೀಕ್ಷಿ ಮಾಡಿ, ಬಾಯಿಂದ ನಳಿಕಿ ಇಳಿಸಿ ಕರುಳಿನ ಚೂರು ತೆಗೆದು ನೋಡಿದ ಮ್ಯಾಲೆ ಹೆಸರು ಗೊತ್ತಾತು. ಗುರುತು ಹತ್ತಲಾರದ ಸೀಲಿಯಾಕ್‌ನಾಗ ರಕ್ತ ಕಡಿಮಿ ಆಗೋದು, ಎಲುಬು ಸವಿಯೋದು, ಗರ್ಭ ಇಳಿಯೋದು ಎಲ್ಲಾ ಇರ್ತಾವ ಅಂತ ವೈದ್ಯರು ಹೇಳಿದ್ರು. ಗೋಧಿ ಬಿಟ್ಟ ಎಂಟು ತಿಂಗಳಿಗೆ ರಕ್ತ 11ಕ್ಕ ಏರಿತು. ಮುಖಕ್ಕ ಬಣ್ಣ ಬಂತು. ಆಮ್ಯಾಲೆ ಹೋದ ವರ್ಷ, ಮನ್ಯಾಗ ಎಲ್ಲಾ ಸರಿ ಇದ್ರೂ, ವರದಿ ಮತ್ತ ಕೆಟ್ಟು ಬಂತು. ಅಡಿಗಿಮನಿ ಒಂದೊಂದ ಡಬ್ಬಿ ಇಳಿಸಿ ನೋಡಿದ್ವಿ. ಹೊರಗಿಂದ ಬಂದದ್ದು ಒಂದ: ಹೊಸಪೇಟಿ ಬಜಾರದ ಒಂದು ಅಂಗಡಿಯಿಂದ ನಮ್ಮ ಪೈಕಿಯವರೊಬ್ಬರು ಪ್ರೀತಿಲೆ ತಂದು ಕೊಡ್ತಿದ್ದ ಬಿಡಿ ಗೋಡಂಬಿ, ಬಾದಾಮಿ. ತಂದವರ ಮ್ಯಾಲೆ ನನಗ ಎಳ್ಳಷ್ಟೂ ಸಿಟ್ಟಿಲ್ಲ. ಆ ಅಂಗಡಿಗೆ ಹೋಗಿ ಅರ್ಧ ತಾಸು ನಿಂತು ನೋಡಿದೆ. ಹುಡುಗನ ಕೈಯಾಗ ಒಂದ ಸೌಟು. ಮೈದಾ ಚೀಲಕ್ಕ ಹಾಕ್ದ, ತೂಗಿದ. ಅದನ್ನ ರವಾಕ್ಕ ಹಾಕ್ದ. ಅದನ್ನ ಶೇಂಗಾಕ್ಕ ಹಾಕ್ದ. ಆಮ್ಯಾಲೆ ಅದನ್ನ ಗೋಡಂಬಿಗೆ. ತಕ್ಕಡಿ ತಟ್ಟಿ ಬೆಳ್ಳಗ ಧೂಳು ಹಿಡದಿತ್ತು. "ತಮ್ಮಾ, ಇದನ್ನ ಒರಸಂಗಿಲ್ಲೇನು?" ಅಂದ್ರ, "ಒಳ್ಳೆ ಹಿಟ್ಟಮ್ಮ, ಹೊಲಸೇನಲ್ಲ" ಅಂದ. ಅವನ ಮಾತು ಅವನಿಗೆ ಖರೆ. ಆ ಬಿಡಿ ಸಾಮಾನು ನಿಂತ ಮ್ಯಾಲೆ ಮುಂದಿನ ವರದಿ ಇಳಿದು ಬಂತು. ಇದು ಕೋರ್ಟಿನ ಸಾಕ್ಷಿ ಅಲ್ಲದಿರಬಹುದು. ನನಗ ಸಾಕು.

ಈಗ ನಿಮಗೊಂದು ಪ್ರಶ್ನಿ. ಉಪ್ಪಿನಕಾಯಿ ಭರಣಿಗೆ ಹಸಿ ಚಮಚ ಹಾಕಿದ್ರ ನೀವು ಸುಮ್ಮನಿರ್ತೀರೇನು? ನಮ್ಮತ್ತಿ ಕಾಲದಾಗ ಮುಸುರಿ ಕೈಲೆ ಭರಣಿ ಕಡಿ ಹಾಯೋಂಗಿದ್ದಿಲ್ಲ. ಅನ್ನ ಮುಟ್ಟಿದ ಕೈಲೆ ಹಾಲಿನ ಪಾತ್ರಿ ಮುಟ್ಟಬಾರದು, ಮಡಿಲೆ ಇದ್ದಾಗ ಮೈಲಿಗಿ ಅರಿವಿ ಸೋಕಬಾರದು, ಏಕಾದಶಿ ಒಗ್ಗರಣಿಗೆ ಬೇರೆ ಸೌಟು ಇರಬೇಕು. ಒಂದು ಅಗಳು ಬಿದ್ರ ಇಡೀ ಪಾತ್ರಿ ಮುಸುರಿ ಆತು ಅಂತ ಲೆಕ್ಕ. ಇಷ್ಟೆಲ್ಲಾ ಕಣ್ಣಿಗೆ ಕಾಣಲಾರದ ಸೋಂಕನ್ನ ತಲಿಮ್ಯಾಲೆ ಹೊತ್ತು ಮೂರು ತಲೆಮಾರು ಬಾಳೇವು ಮಾಡಿದ ಹೆಣ್ಮಕ್ಕಳು ನಾವು. ಆ ಮುಸುರಿ ಲೆಕ್ಕ ಎಷ್ಟು ಸರಿ, ಎಷ್ಟು ತಪ್ಪು, ಅದರಾಗ ಯಾರ್ಯಾರಿಗೆ ನೋವಾಗೈತಿ ಅನ್ನೋದು ಬೇರೆ ಮಾತು, ಅದನ್ನ ಇನ್ನೊಂದಿನ ಬರೀತೀನಿ. ಆದ್ರ ಮುಟ್ಟಿದ್ದು ಮುಟ್ಟಿದ್ದಕ್ಕ ಹತ್ತತೈತಿ ಅನ್ನೋದನ್ನ ನಮಗ ಹೊಸದಾಗಿ ಕಲಿಸಬೇಕಾ? ಮೈದಾ ಸೌಟಿನಿಂದ ಗೋಡಂಬಿಗೆ ಹತ್ತಿದ್ದು ಮುಸುರಿ ಅಂತ ತಿಳಕೊಳ್ರಿ, ಮುಗೀತು. ಒಂದ ಫರಕು: ಉಪ್ಪಿನಕಾಯಿ ಕೆಟ್ರ ಮ್ಯಾಲೆ ಬೂಷ್ಟು ಬಂದು ತಾನ ಹೇಳ್ತೈತಿ. ಇದು ಕಾಣಂಗಿಲ್ಲ, ನಾರಂಗಿಲ್ಲ. ತುಪ್ಪದಾಗ ಹುರಿದ್ರ ಹೋಗ್ತೈತಿ ಅಂತಾರ ಕೆಲವರು. ಹೋಗಂಗಿಲ್ಲ. ಅದು ಕ್ರಿಮಿ ಅಲ್ಲ ಸಾಯಲಿಕ್ಕ. ರೊಟ್ಟಿ ಹಂಚಿನ ಮ್ಯಾಲೆ ಚಪಾತಿ ಬೇಯಿಸಿದ್ರ ಚಪಾತ್ಯಾಗಿನ ಗ್ಲುಟೆನ್ ಹೋಗ್ತೈತೇನು? ಹಂಗ ಇದೂ.

"ಅಷ್ಟು ಧೂಳಿಗೆ ಏನಾಗ್ತೈತಿ" ಅನ್ನೋರಿಗೆ ಲೆಕ್ಕ ಹೇಳ್ತೀನಿ, ನಾನೂ ಬೀಸೋಕಲ್ಲು ಹಿಡದಷ್ಟ ಪೆನ್ಸಿಲ್ಲೂ ಹಿಡದೀನಿ. ನಮ್ಮ ದೇಶದ ಆಹಾರ ಕಾಯ್ದೆ ಪ್ರಕಾರ ಗ್ಲುಟೆನ್-ಫ್ರೀ ಅಂತ ಬರೀಬೇಕಾದ್ರ ಒಂದು ಕಿಲೋದಾಗ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಂಗಿಲ್ಲ. ಮೈದಾದಾಗ ಸುಮಾರು ಹತ್ತರಾಗ ಒಂದು ಪಾಲು ಗ್ಲುಟೆನ್ ಅಂತ ಹಿಡೀರಿ. ಅಂದ್ರ 20 ಮಿಲಿಗ್ರಾಂ ಗ್ಲುಟೆನ್ ಆಗಲಿಕ್ಕ 200 ಮಿಲಿಗ್ರಾಂ ಮೈದಾ ಸಾಕು, ಗ್ರಾಮಿನ ಐದನೇ ಒಂದು ಪಾಲು. ಚಹಾ ಚಮಚದಾಗ ಒಂದು ಚಮಚ ಮೈದಾ ತೂಗಿದ್ರ ಎರಡೂವರಿ ಗ್ರಾಂ ಬರ್ತೈತಿ. ಆ ಒಂದು ಚಮಚ ಹನ್ನೆರಡು ಕಿಲೋ ಗೋಡಂಬಿಯನ್ನ ಗೆರಿ ದಾಟಿಸ್ತೈತಿ. ಇನ್ನೊಂದು: 2007ರಾಗ ಬಂದ ಇಟಲಿಯ ಒಂದು ಅಧ್ಯಯನದಾಗ, ಸೀಲಿಯಾಕ್ ಇದ್ದವರಿಗೆ ದಿನಕ್ಕ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಕೊಟ್ಟಾಗ ಕರುಳಿನ ಪದರ ಕೆಟ್ಟಿದ್ದು ಕಂಡಿತ್ತು. 50 ಮಿಲಿಗ್ರಾಂ ಅಂದ್ರ ಅರ್ಧ ಗ್ರಾಂ ಮೈದಾ. ಚಪಾತಿ ಲಟ್ಟಿಸುವಾಗ ನಿಮ್ಮ ಎರಡು ಬೆರಳಿಗೆ ಮೆತ್ತಿಕೊಳ್ಳೋ ಅಷ್ಟು. "ದಿನಾ ಸ್ವಲ್ಪ ಸ್ವಲ್ಪ ಕೊಟ್ರ ರೂಢಿ ಆಗ್ತೈತಿ" ಅಂತ ನನಗ ಬುದ್ಧಿ ಹೇಳಿದ ಹಿರೇರು ಈ ಸಾಲು ಇನ್ನೊಂದ್ಸಲ ಓದ್ರಿ. ರೂಢಿ ಆಗಂಗಿಲ್ಲ, ದಿನಾ ಸ್ವಲ್ಪ ಸ್ವಲ್ಪ ಸವೀತೈತಿ.

ಹಣ್ಣಿನ ತಪ್ಪು ಏನೂ ಇಲ್ಲ ಅನ್ನೋದೂ ಹೇಳಬೇಕು. ನಾವು ತಿನ್ನೋ ಒಣದ್ರಾಕ್ಷಿ ಬಹಳಷ್ಟು ವಿಜಯಪುರದ ಕಡಿಂದ, ಇಲ್ಲಾ ಗಡಿ ದಾಟಿದ್ರ ಸಾಂಗ್ಲಿ, ತಾಸಗಾಂವದಿಂದ ಬರೋದು. ಹಸಿ ದ್ರಾಕ್ಷಿಯನ್ನ ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತ ಎಣ್ಣಿ ಕಲಸಿದ ನೀರಾಗ ಅದ್ದಿ, ನೆರಳಿನ ಶೆಡ್ಡಿನಾಗ ಬಲಿ ಮ್ಯಾಲೆ ಹರವಿ ಹದಿನೈದು ದಿನದ ಸುಮಾರು ಒಣಗಸ್ತಾರ. ಬಂಗಾರದ ಬಣ್ಣ ಬೇಕಾದ್ರ ಗಂಧಕದ ಹೊಗಿ ಕೊಡ್ತಾರ. ಆ ಗಂಧಕದ ಬಗ್ಗೆ ನನಗ ಬೇರೆ ತಕರಾರು ಐತಿ, ಆದ್ರ ಅಲ್ಲೆಲ್ಲೂ ಗೋಧಿ ಇಲ್ಲ. ಗೋಡಂಬಿ ಕಾರ್ಕಳ, ಕುಂದಾಪುರ, ಮಂಗಳೂರಿನ ಕಾರ್ಖಾನ್ಯಾಗ ಸಿಪ್ಪಿ ಒಡದು, ಪರಿ ಸುಲದು, ದಪ್ಪ ಸಣ್ಣ ಆರಿಸಿ ಗಾಳಿ ಹೋಗಲಾರದಂಗ ಸೀಲಾಗಿ ಬರ್ತೈತಿ. ಬಾದಾಮಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ, ಅಖರೋಟ್ ಕಾಶ್ಮೀರದಿಂದ. ಸಾವಿರಾರು ಮೈಲು ದಾಟಿ ಬಂದದ್ದು ಹೊಸಪೇಟಿ ಬಜಾರಕ್ಕ ಬಂದು ಚೀಲ ಬಿಚ್ಚಿದ ಮ್ಯಾಲೆ, ಬದಿಗೆ ಮೈದಾ ಚೀಲ, ಆ ಕಡಿ ರವಾ, ಈ ಕಡಿ ಶಾವಗಿ, ಮ್ಯಾಲೆ ತಿರುಗೋ ಫ್ಯಾನು. ನಡುವ ಬಾಯಿ ತೆರಕೊಂಡು ಕೂತ ಗೋಡಂಬಿ.

ಧೂಳು ತಾನ ಬಂದು ಕೂಡೋದು ಒಂದು. ಬೇಕಂತ ಹಾಕೋದು ಇನ್ನೊಂದು, ಅದು ಇನ್ನೂ ಕೆಟ್ಟದ್ದು. ಹೆಚ್ಚಿದ ಖರ್ಜೂರದ ಚೂರು ಒಂದಕ್ಕೊಂದು ಅಂಟಬಾರದು ಅಂತ ಹಿಟ್ಟಿನಾಗ ಹೊರಳಸ್ತಾರ. ಅಕ್ಕಿ ಹಿಟ್ಟಾದ್ರ ಪುಣ್ಯ, ಓಟ್ಸ್ ಹಿಟ್ಟೂ ಇರ್ತೈತಿ. ಆ ಓಟ್ಸ್ ಬೆಳಿಯೋ ಹೊಲದಾಗ, ಬೀಸೋ ಗಿರಣ್ಯಾಗ ಗೋಧಿ ಕೂಡಿರೋದ ಹೆಚ್ಚು. ಮಸಾಲಿ ಗೋಡಂಬಿ, ಖಾರದ ಶೇಂಗಾಕ್ಕ ಮ್ಯಾಲಿನ ಪದರ ಬರೇ ಕಡ್ಲಿಹಿಟ್ಟು ಅಂತ ನಂಬಬ್ಯಾಡ್ರಿ, ಗರಿಗರಿ ಆಗಲಿ ಅಂತ ಮೈದಾ ಸೇರಸೋರು ಅದಾರ. ಆಮ್ಯಾಲೆ ಇಂಗು! ನಾವು ದಿನಾ ಒಗ್ಗರಣಿಗೆ ಹಾಕೋ ಕಟ್ಟಿ ಇಂಗು, ಪುಡಿ ಇಂಗು ಪೂರಾ ಇಂಗಲ್ಲ. ಇಂಗಿನ ಅಂಟಿಗೆ ಗೋಂದು ಮತ್ತ ಹಿಟ್ಟು ಸೇರಿಸಿ ಮಾಡಿದ್ದು. ಆ ಹಿಟ್ಟು ಭಾಳ ಕಡಿ ಗೋಧಿದ. ಡಬ್ಬಿ ಹಿಂದ ಸಣ್ಣ ಅಕ್ಷರದಾಗ ಬರದಿರ್ತಾರ, ಚಾಳೀಸು ಹಾಕ್ಕೊಂಡು ಓದ್ರಿ. ಅಕ್ಕಿ ಹಿಟ್ಟಿಂದ ಕಟ್ಟಿದ ಇಂಗೂ ಸಿಗ್ತೈತಿ, ನಮ್ಮ ಮನ್ಯಾಗ ಅದ ಬಳಸೋದು, ಉಪ್ಪಿನಕಾಯಿಗೂ ಅದ. ದೀಪಾವಳಿಗೆ ಕೊಡೋ ಖಾನಿ ಖಾನಿ ಡಬ್ಬಿಗೋಳು ಇದಾವಲ್ಲ, ಒಂದು ಖಾನ್ಯಾಗ ಬಾದಾಮಿ, ಒಂದರಾಗ ಮಸಾಲಿ ಗೋಡಂಬಿ, ನಡುವ ಚಾಕಲೇಟಿನ ಗುಂಡು. ಚಾಕಲೇಟಿನಾಗ ಮಾಲ್ಟ್ ಇದ್ರ ಅದು ಬಾರ್ಲಿ. ಖಾನಿ ಗೋಡಿ ಅರ್ಧ ಬೆರಳು ಎತ್ತರ ಇರಂಗಿಲ್ಲ. ಬಸ್ಸಿನಾಗ ಹೊಸಪೇಟಿಯಿಂದ ಸಂಡೂರಿಗೆ ಹೋಗೋದ್ರಾಗ ಎಲ್ಲಾ ಕೂಡಿ ಕಲಸಿ ಪ್ರಸಾದ ಆಗಿರ್ತೈತಿ.

ನಡುವ ಒಂದು ನಗೋ ಮಾತು. ನಮ್ಮ ಓಣಿಯ ಒಬ್ಬ ಅಕ್ಕಾರು ಎಲ್ಲೋ ಓದಿ ಬಂದು, "ಗ್ಲುಟೆನ್ ಅಂದ್ರ ಅಂಟಂತ, ಹಂಗಾದ್ರ ಅಂಟಿನುಂಡಿನೂ ವಿಷ ಅಲ್ಲೇನವ್ವ" ಅಂದ್ರು. ಗ್ಲುಟೆನ್ ಅನ್ನೋ ಶಬ್ದಕ್ಕ ಲ್ಯಾಟಿನ್ ಭಾಷಾದಾಗ ಅಂಟು ಅಂತ ಅರ್ಥ ಅನ್ನೋದು ಖರೆ. ಆದ್ರ ನಾವು ತುಪ್ಪದಾಗ ಹುರಿಯೋ ಅಂಟು ಗಿಡದ ಅಂಟು, ಅದರಾಗ ಗೋಧಿ ಸಂಬಂಧ ಇಲ್ಲ. ಅಂಟಿನುಂಡಿಗೆ ಅಂಟು, ಉತ್ತತ್ತಿ, ಕೊಬ್ಬರಿ, ಗೋಡಂಬಿ, ಬಾದಾಮಿ, ಗಸಗಸಿ, ಬೆಲ್ಲ, ತುಪ್ಪ. ಬಾಣಂತಿಗೆ ಇದಕ್ಕಿಂತ ಒಳ್ಳೆದು ಏನೈತಿ? ಉಂಡಿ ನಿಲ್ಲಲಿ ಅಂತಲೋ, ರೊಕ್ಕ ಉಳೀಲಿ ಅಂತಲೋ ಹುರಿದ ಗೋಧಿ ಹಿಟ್ಟು ಕೂಡಸ್ತಾರಲ್ಲ, ಅವರ ಉಂಡಿನ ಆಕಿ ಬದಿಗಿಟ್ಟಿದ್ದು. ಗೋಕಾಕ, ಅಮೀನಗಡದ ಕರದಂಟಿಗೂ ಇದ ಮಾತು. ಅದರ ಸಾಮಾನಿನಾಗ ಗೋಧಿ ಬೇಕಂತಿಲ್ಲ, ಆದ್ರ ಬಾಲುಶಾ ಕರಿಯೋ ಮಿಠಾಯಿ ಅಂಗಡ್ಯಾಗ ಅದ ಕೈ, ಅದ ಪರಾತ ಆದ್ರ ಆಕಿಗೆ ಬ್ಯಾಡ.

ಉಡಿ ಮಾತಿಗೆ ಬರ್ತೀನಿ. ಇದು ಸೂಕ್ಷ್ಮ, ಆದ್ರ ಹೇಳಲಾರದ ಬಿಡಂಗಿಲ್ಲ. ಕೆಲವರ ಮನ್ಯಾಗ ಉಡಿಗೆ ಅಕ್ಕಿ ಹಾಕ್ತಾರ, ಕೆಲವರು ಗೋಧಿ. ಅದರ ಮ್ಯಾಲೆ ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಷಿಣ ಬೇರು, ಅಡಿಕಿ, ಬಾಳಿಹಣ್ಣು. ಮನಿಗೆ ಬಂದ ಮ್ಯಾಲೆ ಉಡಿ ಬಿಚ್ಚಿ ಗೋಧಿ ಗೋಧಿ ಡಬ್ಬಿಗೆ, ಉತ್ತತ್ತಿ ಉತ್ತತ್ತಿ ಡಬ್ಬಿಗೆ. ಆ ಉತ್ತತ್ತಿನ ಮುಂದ ಯಾರದೋ ಬಾಣಂತನದ ಉಂಡಿಗೆ ಹೋಗೋದು. ಉತ್ತತ್ತಿ ಮೈ ನೋಡ್ರಿ, ಮುದುಕಿ ಕೆನ್ನಿ ಹಂಗ ಸುಕ್ಕು ಸುಕ್ಕು. ಒಂದೊಂದು ಸುಕ್ಕಿನಾಗ ಗೋಧಿ ಧೂಳು ಕೂಡಲಿಕ್ಕ ಜಾಗ. ಉಡಿ ತುಂಬೋದು ಬಿಡ್ರಿ ಅಂತ ನಾ ಅನ್ನಂಗಿಲ್ಲ, ಆ ಅಕ್ಕರತಿ ನನಗೂ ಬೇಕು, ಆಕಿಗೂ ಬೇಕು. ಅಕ್ಕಿಲೆ ತುಂಬ್ರಿ. ಉತ್ತತ್ತಿ ಬೇರೆ ಕಾಗದದಾಗ ಕಟ್ಟಿ ಇಡ್ರಿ. ಯಾವ ಶಾಸ್ತ್ರಕ್ಕೂ ಭಂಗ ಬರಂಗಿಲ್ಲ.

"ನಮ್ಮ ಕಾಲದಾಗ ಈ ರೋಗ ಇರಲಿಲ್ಲ." ಇದನ್ನ ಹೇಳಲಾರದವರು ಯಾರೂ ಉಳಿದಿಲ್ಲ. ಇರಲಿಲ್ಲ ಅಂತ ಹೆಂಗ ಗೊತ್ತು? ಉಂಡಿದ್ದು ಮೈಗೆ ಹತ್ತಲಾರದ ಕೂಸುಗಳಿಗೆ ದೃಷ್ಟಿ ತೆಗೆದು ತೆಗೆದು ಕಳಕೊಂಡವರು ನಮ್ಮ ಮನಿತನದಾಗ ಎಷ್ಟು ಮಂದಿ ಇಲ್ಲ? ಹಾಲೆಂಡ್ ದೇಶದಾಗ ವಿಲ್ಲೆಂ ಡಿಕೆ ಅಂತ ಮಕ್ಕಳ ವೈದ್ಯ ಇದ್ದ. 1944-45ರ ಚಳಿಗಾಲದಾಗ, ಯುದ್ಧದ ಹೊತ್ತಿಗೆ, ಅಲ್ಲಿ ಬ್ರೆಡ್ಡು ಸಿಗಲಾರದಂಗ ಆದಾಗ ಈ ರೋಗದ ಕೂಸುಗಳು ಸುಧಾರಿಸಿದವು. ಬ್ರೆಡ್ಡು ತಿರುಗಿ ಬಂದಾಗ ಮತ್ತ ಮಲಗಿದವು. ಗೋಧಿನ ಕಾರಣ ಅಂತ ಅವ 1950ರಾಗ ಪ್ರಬಂಧ ಬರದ. ಎಪ್ಪತ್ತು ವರ್ಷ ದಾಟಿದ ಸಂಗತಿ ಇದು, ನಿನ್ನಿ ಮೊನ್ನಿ ಫ್ಯಾಷನ್ ಅಲ್ಲ. ನಮ್ಮ ದಕ್ಷಿಣದಾಗ ಕಡಿಮಿ ಅನ್ನೋದು ಮಾತ್ರ ಒಪ್ಪತೀನಿ. 2016ರಾಗ ಪ್ರಕಟವಾದ ದೊಡ್ಡ ಸಮೀಕ್ಷಾದಾಗ, ಈ ರೋಗದ ಗುರುತು ರಕ್ತದಾಗ ಕಂಡವರು ಉತ್ತರ ಭಾರತದಾಗ ನೂರಕ್ಕ 1.23 ಇದ್ರ, ದಕ್ಷಿಣದಾಗ 0.10. ಸಾವಿರಕ್ಕ ಒಬ್ಬರು. ಕಡಿಮಿ ಇರೋದಕ್ಕನ ಇಲ್ಲಿ ವೈದ್ಯರಿಗೂ ಬೇಗ ಹೊಳಿಯಂಗಿಲ್ಲ, ನೆಂಟರಿಗೂ ನಂಬಿಕಿ ಬರಂಗಿಲ್ಲ. ಆ ಸಾವಿರಕ್ಕ ಒಬ್ಬಾಕಿ ನಿಮ್ಮ ಮನ್ಯಾಗ ಇದ್ರ ಆಕಿ ಪಾಲಿಗೆ ಅದು ನೂರಕ್ಕ ನೂರು.

ಮತ್ತ ಗೋಧಿ ನಮ್ಮ ನೆಲದ ದಿನದ ಅನ್ನ ಯಾವಾಗ ಆಗಿತ್ತು? ನಮ್ಮ ಊರ ಮಗ್ಗಲಿನ ಹಂಪಿಗೆ 1520ರ ಸುಮಾರು ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಪ್ಯಾಟಿಯಾಗ ಏನೇನು ಧಾನ್ಯ ಸುರದಿತ್ತು ಅಂತ ಬರದು ಇಟ್ಟಾನ. ಅಕ್ಕಿ, ಹೆಸರು, ಹುರಳಿ, ಬ್ಯಾರೆ ಬ್ಯಾರೆ ಕಾಳು, ಎಲ್ಲಾ ರಾಶಿ ರಾಶಿ, ಎಲ್ಲಾ ಅಗ್ಗ. ಗೋಧಿ ಮಾತ್ರ ಉಳಿದವುಗಳಷ್ಟು ಇಲ್ಲ, ಮುಸಲ್ಮಾನರ ಹೊರತು ಯಾರೂ ತಿನ್ನಂಗಿಲ್ಲ ಅಂತಾನ. ಐನೂರು ವರ್ಷದ ಹಿಂದಿನ ಹಂಪಿ ಬಜಾರದಾಗ ನಮ್ಮ ಸೊಸಿ ಕಣ್ಣು ಮುಚ್ಚಿ ಸಂತಿ ಮಾಡಬಹುದಿತ್ತು! ನಮ್ಮಜ್ಜಿ ತನಕ ಗೋಧಿ ಅಂದ್ರ ಹೋಳಿಗಿ, ಹುಗ್ಗಿ, ಹಬ್ಬ. ಉಳಿದ ದಿನ ಜ್ವಾಳದ ರೊಟ್ಟಿ, ಸಜ್ಜಿ ರೊಟ್ಟಿ, ನವಣಕ್ಕಿ ಅನ್ನ, ರಾಗಿ. ಒಂದರಾಗೂ ಗ್ಲುಟೆನ್ ಇಲ್ಲ. ಈಗ ನೋಡ್ರಿ, ಮುಂಜಾನಿ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ಸಂಜಿಗೆ ಬಿಸ್ಕಿಟ್ಟು, ರಾತ್ರಿ ಶಾವಗಿ. ಅಡಿಗಿಮನ್ಯಾಗ ಹಾರೋ ಧೂಳೆಲ್ಲಾ ಗೋಧಿದ. ಜ್ವಾಳ ಬೀಸಿಕೊಂಡು ಬಂದ್ರೂ ಗಿರಣ್ಯಾಗ ಮುಂದಿನವರ ಗೋಧಿ ಹಿಟ್ಟು ಕಲ್ಲಿನಾಗ ಉಳಿದಿರ್ತೈತಿ, ಅದಕ್ಕ ನಾವು ಮನ್ಯಾಗ ಸಣ್ಣ ಗಿರಣಿ ಇಟ್ಟೀವಿ.

ಹಂಪ್ಯಾಗ ಇನ್ನೊಂದು ತಮಾಷಿ ಐತಿ. ಬಿಳಿ ಮಂದಿ ಬಂದು ಹೋಟೆಲಿನಾಗ "ಗ್ಲುಟೆನ್-ಫ್ರೀ" ಅಂದ್ರ ನಮ್ಮ ಹುಡುಗರು "ಯಸ್ ಮೇಡಂ" ಅಂತ ಓಡಾಡ್ತಾರ, ಬೇರೆ ಬಾಣಲಿ ತೊಳದು ಇಡ್ತಾರ. ಅದ ಮಾತು ಸೀರಿ ಉಟ್ಟು ತಲಿಗೆ ಹೂ ಮುಡಿದಾಕಿ ಕನ್ನಡದಾಗ ಕೇಳಿದ್ರ "ಏನಾಗಂಗಿಲ್ಲ ತಿನ್ರಿ ಅಕ್ಕಾ". ಹೊಟ್ಟಿಗೂ ಪಾಸ್‌ಪೋರ್ಟ್ ಬೇಕೇನು? ಇದಕ್ಕ ಅರ್ಧ ಕಾರಣ ತೂಕ ಇಳಿಸಲಿಕ್ಕ ಗೋಧಿ ಬಿಟ್ಟೀನಿ ಅಂತ ಹೇಳಿ, ಮದುವಿ ಮನ್ಯಾಗ ಎರಡು ಹೋಳಿಗಿ ಹೊಡದು, "ಇವತ್ತೊಂದಿನ ನಡೀತೈತಿ" ಅನ್ನೋ ನಮ್ಮ ಪೈಕಿ ಶೋಕಿ ಮಂದಿ. ಅವರಿಗೆ ನಡೀತೈತಿ. ಅವರ ಆಟ ನೋಡಿದವರು ಈಕಿಗೂ ನಡೀತೈತಿ ಅಂತ ತಿಳೀತಾರ. ರೋಗ ಇಲ್ಲದವರು ಗೋಧಿ ಬಿಡೋದು ನನ್ನ ಪ್ರಕಾರ ಏನೂ ಅವಶ್ಯ ಇಲ್ಲ, ಚಂದಾಗಿ ಉಣ್ರಿ.

ಪ್ಯಾಕೆಟ್ ತಗೊಂಡ್ರ ಆತಲ್ಲ ಅಂತೀರಿ. ಆತು, ಆದ್ರ ಯಾವ ಪ್ಯಾಕೆಟ್? ಅಂಗಡಿಯವ ತನ್ನ ಚೀಲದಾಗಿಂದ ತೂಗಿ, ಪ್ಲಾಸ್ಟಿಕ್ಕಿಗೆ ಹಾಕಿ, ಬಾಯಿ ಸುಟ್ಟು ಮುಚ್ಚಿ ಹಗ್ಗಕ್ಕ ತೂಗುಬಿಟ್ಟಿದ್ದು ಪ್ಯಾಕೆಟ್ ಅಲ್ಲ, ಅದು ಬಿಡಿ ಸಾಮಾನಿಗೆ ಹಾಕಿದ ಅಂಗಿ. ಕಂಪನಿ ಪ್ಯಾಕೆಟ್ಟಿನ ಮ್ಯಾಲೆ 14 ಅಂಕಿಯ ಲೈಸೆನ್ಸ್ ನಂಬರ್ ಇರ್ತೈತಿ, ಸಾಮಾನಿನ ಪಟ್ಟಿ ಇರ್ತೈತಿ. 2020ರ ಲೇಬಲ್ ನಿಯಮದಾಗ ಅಲರ್ಜಿ ಕೊಡೋ ಪದಾರ್ಥ ಇದ್ರ 'ಕಂಟೇನ್ಸ್' ಅಂತ, ಬೆರತಿರೋ ಸಂಭವ ಇದ್ರ 'ಮೇ ಕಂಟೇನ್' ಅಂತ ತಿಳಿಸೋ ರೀತಿ ಇಟ್ಟಾರ. ಗ್ಲುಟೆನ್ ಇರೋ ಧಾನ್ಯ ಆ ಪಟ್ಟಿಯಾಗ ಐತಿ. ಆ 'ಮೇ ಕಂಟೇನ್ ವೀಟ್' ಅನ್ನೋ ಸಾಲು ಕಂಡ್ರ ಆ ಬಾದಾಮಿ ನಮಗ ಬ್ಯಾಡ. ಸಾಲು ಇಲ್ಲ ಅಂದ ಮಾತ್ರಕ್ಕ ಗೋಧಿನೂ ಇಲ್ಲ ಅಂತ ತಿಳೀಬಾರದು. ಗ್ಲುಟೆನ್-ಫ್ರೀ ಅಂತ ಸ್ಪಷ್ಟ ಬರದಿದ್ರ ಅದಕ್ಕ ಕಾಯ್ದೆಯ 20ರ ಗೆರಿ ಹತ್ತತೈತಿ, ಆ ಮಾತಿಗೆ ರೊಕ್ಕ ಕೊಡ್ರಿ. 'ಪ್ರೀಮಿಯಂ', 'ಆರ್ಗ್ಯಾನಿಕ್', 'ನ್ಯಾಚುರಲ್', 'ನೋ ಕೊಲೆಸ್ಟರಾಲ್', ಇವಕ್ಕೂ ಗ್ಲುಟೆನ್‌ಗೂ ಏನೂ ಸಂಬಂಧ ಇಲ್ಲ. ಗಿಡದ ಬೀಜದಾಗ ಕೊಲೆಸ್ಟರಾಲ್ ಎಲ್ಲಿಂದ ಬರಬೇಕು?

ಎಲ್ಲಾಕಿಂತ ನಂಬೋ ಪ್ಯಾಕೆಟ್ ಸಿಪ್ಪಿ. ಸಿಪ್ಪಿ ಇರೋ ಶೇಂಗಾ, ಸಿಪ್ಪಿ ಇರೋ ಅಖರೋಟ್, ಸಿಪ್ಪಿ ಬಾದಾಮಿ ತಗೊಂಡು ಮ್ಯಾಲೆ ತೊಳದು ಒಣಗಿಸಿ ಮನ್ಯಾಗ ಒಡೀರಿ. ಬಾಳಿಹಣ್ಣು ಅಂತೂ ನಮ್ಮ ಕಾಲುವಿ ಕೆಳಗ ಬೇಕಾದಷ್ಟು ಬೆಳೀತೈತಿ. (ಕೆಂಪು ಬಾಳಿಗೆ ಹೆಸರಾದ ಕಮಲಾಪುರ ಕಲಬುರ್ಗಿ ಕಡಿದು, ಪ್ರತಿ ಸಲ ಊರು ಹೇಳಿದಾಗ ಇದನ್ನ ಕೇಳಿ ಸಾಕಾಗೈತಿ.) ಆಕಿ ನಿಮ್ಮ ಮನಿಗೆ ಬಂದಾಗ ಒಂದು ಬಾಳಿಹಣ್ಣು ಕೊಡ್ರಿ, ಒಂದು ಎಳನೀರು ಕೊಡ್ರಿ, ಸಂತೋಷದಿಂದ ತಗೊಳ್ತಾಳ.

ಬಿಡಿ ತಂದು ತೊಳದ್ರ ಆಗಂಗಿಲ್ಲೇನು ಅಂತ ನಮ್ಮ ಚಿಕ್ಕವ್ವ ಕೇಳ್ಯಾಳ. ತೊಳದ್ರ ಮ್ಯಾಲಿನ ಧೂಳು ಅಷ್ಟು ಇಷ್ಟು ಹೋಗ್ತೈತಿ, ಪೂರಾ ಹೋತು ಅಂತ ಯಾರೂ ಹೇಳಲಿಕ್ಕೆ ಬರಂಗಿಲ್ಲ. ಬಾದಾಮಿ ನುಣುಪು, ಅದನ್ನ ಹೆಂಗೋ ತೊಳೀಬಹುದು. ದ್ರಾಕ್ಷಿ ಸುಕ್ಕು, ಅಂಜೂರ ಮಡಿಕಿ, ಉತ್ತತ್ತಿ ನಾ ಹೇಳೇಬಿಟ್ಟೀನಿ. ಹುಡಿ ಮಾಡಿದ್ದು, ಹೆಚ್ಚಿದ್ದು ತೊಳಿಯೋದ ಆಗಂಗಿಲ್ಲ. ಸೀಲಿನ ಸಾಮಾನು ತಂದ ಮ್ಯಾಲೂ ತೊಳೀರಿ, ಒಳ್ಳೆದ. ಬಿಡಿ ಸಾಮಾನಿಗೆ ತೊಳಿಯೋದನ್ನ ಪ್ರಾಯಶ್ಚಿತ್ತ ಮಾಡಬ್ಯಾಡ್ರಿ. ಮನಿಗೆ ತಂದ ಮ್ಯಾಲೂ ಅಷ್ಟ: ಚಪಾತಿ ಹಿಟ್ಟು ಜರಡಿ ಹಿಡದ ಮೊರದಾಗ ದ್ರಾಕ್ಷಿ ಆರಿಸಬಾರದು, ರವಾ ತಿರುವಿದ ಮಿಕ್ಸಿ ಜಾರಿನಾಗ ಗೋಡಂಬಿ ಹುಡಿ ಮಾಡಬಾರದು. ಜಾರಿನ ಬ್ಲೇಡಿನ ಬುಡಕ್ಕ ಏನೇನು ಕೂತಿರ್ತೈತಿ ಅಂತ ತೊಳಿಯೋ ನಿಮಗ ನಾ ಹೇಳಬೇಕಾ?

ಅಂಗಡಿಯವರ ಮಾತು. ಅವರಿಗೆ ತಿಳಿಸಿ ಹೇಳೋರು ಯಾರು? ತಿಂಗಳ ಸಂತಿ ಚೀಟಿ ಬರಿಯೋರು ನಾವು, ರೊಕ್ಕ ಎಣಿಸಿ ಕೊಡೋರು ನಾವು. ಸೌಟಿಗೊಂದು ಚೀಲ, ಚೀಲಕ್ಕೊಂದು ಸೌಟು, ಇದಕ್ಕ ಅಂಗಡಿಯವನ ಗಂಟೇನು ಹೋಗ್ತೈತಿ? ಒಣಹಣ್ಣು, ಬೀಜ ಒಂದು ಗೋಡಿಗೆ, ಮುಚ್ಚಳ ಇರೋ ಡಬ್ಬಿಯಾಗ. ಹಿಟ್ಟು, ರವಾ ಎದುರು ಗೋಡಿಗೆ. ತೂಗೋ ಮೊದಲು ತಕ್ಕಡಿ ಒರಸು, ಇಲ್ಲಾ ಹೊಸ ಕಾಗದ ಹಾಸು. ಒಬ್ಬಾಕಿ ಕೇಳಿದ್ರ ಕಿರಿಕಿರಿ ಅಮ್ಮ ಅಂತಾರ, ನನಗ ಹಂಗ ಹೆಸರು ಬಿದ್ದೈತಿ, ಚಿಂತಿ ಇಲ್ಲ. ಹತ್ತು ಮಂದಿ ಕೇಳಿದ್ರ ಗಿರಾಕಿ ಅಂತಾರ. ಸೀಲಿಯಾಕ್ ನಿಮ್ಮ ಮನ್ಯಾಗ ಇಲ್ಲದಿದ್ರೂ ಕೇಳ್ರಿ. ಹೆಂಗೂ ಅದ ಸೌಟು ಶೇಂಗಾಕ್ಕೂ ಹೋಗ್ತೈತಿ. ಶೇಂಗಾ ಆಗಲಾರದ ಕೂಸುಗಳೂ ಇರ್ತಾವ, ಅವಕ್ಕ ಕುತ್ತು ಇದಕ್ಕಿಂತ ಬೇಗ ಬರ್ತೈತಿ.

ಇನ್ನ ನಮ್ಮ ಕೆಲಸ. ಬಾಣಂತನ ಈ ಸಲ ನಮ್ಮ ಮನ್ಯಾಗ, ಅವರವ್ವಗ ಮಂಡಿ ಆಪರೇಷನ್ ಆಗೈತಿ. ಬರೋ ಅಮಾಸಿ ಮುಗಿದ ಮ್ಯಾಲೆ ಸಂತಿ ಮಾಡಬೇಕು. ಒಂದು ಮನಿಗೆ ಸೀಲಿನ ಪೆಟ್ಟಿಗಿ ಹೆಚ್ಚಾಗ್ತೈತಿ, ಅದಕ್ಕ ನಾಕು ಮನಿ ಕೂಡಿ ತರೋಣ ಅಂತ ಮಾಡೀವಿ: ಸೀಲ್ ಒಡಿಲಾರದ 10 ಕಿಲೋ ದ್ರಾಕ್ಷಿ ಪೆಟ್ಟಿಗಿ ಒಂದು, ಗೋಡಂಬಿ ಡಬ್ಬಿ ಒಂದು, ಬಾದಾಮಿ, ಉತ್ತತ್ತಿ ಕಂಪನಿ ಪ್ಯಾಕೆಟ್. ಸಗಟು ರೇಟು ಬೀಳೋದ್ರಿಂದ ಬಿಡಿಗಿಂತ ತುಟ್ಟಿ ಆಗಂಗಿಲ್ಲ. ಒಡಿಯೋದು, ಹಂಚೋದು ನಮ್ಮ ಮನಿ ಪಡಸಾಲ್ಯಾಗ, ಅವತ್ತು ನಮ್ಮ ಮನ್ಯಾಗ ಜ್ವಾಳದ ರೊಟ್ಟಿನ. ಉಂಡಿ ಕಟ್ಟಲಿಕ್ಕ ಕೈ ಬೇಕು, ಬರ್ರಿ. ಕಂಪ್ಲಿ ಅತ್ತಿಗೀನೂ ಬರ್ಲಿ, ನಖರಾ ಅಂದದ್ದು ಆಕಿ ಅಂತ ನನಗ ಗೊತ್ತು, ಉಂಡಿ ಕಟ್ಟೋದ್ರಾಗ ಆಕಿ ಕೈ ಯಾರಿಗೂ ಇಲ್ಲ. ಪಾಲು ಬೇಕಾದವರು ಎಷ್ಟು ಕಿಲೋ ಅಂತ ಶುಕ್ರವಾರದ ಒಳಗ ಹೇಳಿ ಕಳಿಸ್ರಿ. ಡಬ್ಬಿ ನೀವ ತರ್ರಿ, ತೊಳದು ಪೂರಾ ಒಣಗಿಸಿದ್ದು ಇರಲಿ. ಚಪಾತಿ ಲಟ್ಟಿಸಿ ಹಂಗ ಎದ್ದು ಬಂದಿದ್ರ ಬಚ್ಚಲದಾಗ ಸಬಕಾರ ಐತಿ, ಮೊಣಕೈ ತನಕ ತೊಳಕೊಂಡು ಒಳಗ ಬರ್ರಿ.